ಕಲ್ಲುಣ್ಣೆಯ ವಾಸನೆ

ಬೆಂಕಿಯ ಪಕ್ಕ ಇಟ್ಟ ಬೆಣ್ಣೆ ಕಲ್ಲಾಗುತ್ತದೆ. ಗಾದೆ ತಪ್ಪಾಯಿತೆಂದು ಯಾರೂ ತಿದ್ದಬೇಕಾಗಿಲ್ಲ. ಲಗ್ರೇಂಜ್ ಕೌಂಟಿಯಲ್ಲಿ ಅದು ಇರುವುದೇ ಹಾಗೆ. ಕರೆಂಟಿನ ತಂತಿಯನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳದ ಆಮಿಶ್ ಜನರ ಅಡುಗೆಮನೆಯಲ್ಲಿ ಫ್ರಿಜ್ಜಿನ ಬೆನ್ನಿಗೆ ಒಂದು ಪುಟ್ಟ ಗ್ಯಾಸಿನ ಉರಿ ಹಗಲೂ ಇರುಳೂ ನೀಲಿಯಾಗಿ ಉರಿಯುತ್ತದೆ, ಆ ಉರಿಯಿಂದಲೇ ಒಳಗಿನ ಬೆಣ್ಣೆ ಹೆಪ್ಪುಗಟ್ಟುತ್ತದೆ. ಈ ಗಾದೆ ಎಷ್ಟು ನಿಜವೋ ಮುಂದಿನ ಸಂಗತಿಯೂ ಅಷ್ಟೇ ನಿಜ, ಚೀಸಿನ ಭಾಗವೂ ಸೇರಿ.

ಚೀಸು ಆಗ ಪೆರ್ರಿಯ ಕೈಯಲ್ಲಿತ್ತು, ಪೆರ್ರಿ ಮಾವನ ಫ್ರಿಜ್ಜು ರಿಪೇರಿ ಅಂಗಡಿಯಲ್ಲಿದ್ದ. ಎಲೆಕೋಸಿನ ಎಲೆಯಲ್ಲಿ ಸುತ್ತಿಕೊಂಡು ತಂದಿದ್ದ ಲಿಂಬರ್ಗರ್. ತಿನ್ನುವವರಿಗೆ ಅದು ತವರಿನ ನೆನಪು, ಪಕ್ಕದಲ್ಲಿ ಕೂತವರಿಗೆ ವಾರವಿಡೀ ಬೂಟಿನೊಳಗಿದ್ದ ಕಾಲಿನ ನೆನಪು. ಪೆರ್ರಿ ಅತ್ತಿತ್ತ ನೋಡಿ, ಮೇಜಿನ ಮೇಲೆ ಪರೀಕ್ಷೆಗೆಂದು ಉರಿಯುತ್ತಿದ್ದ ಫ್ರಿಜ್ಜಿನ ಹೊಗೆಕೊಳವೆಯ ಬಾಯಿಗೆ ಅದನ್ನು ಮಕ್ಕಳ ರೊಟ್ಟಿಗೆ ಸವರುವಷ್ಟು ಅಕ್ಕರೆಯಿಂದ ಸವರಿದ. ಮೂಗಿಗೆ ತುಪ್ಪ ಸವರುವವರನ್ನು ಎಲ್ಲರೂ ಕಂಡಿದ್ದಾರೆ. ಚೀಸು ಸವರಿದವನು ಇವನೊಬ್ಬನೇ.

ಸವರಿದ್ದು ಮಾವನ ಮೂಗಿಗೆ. ಮಾವ ಫ್ರೀಮನ್ ಲ್ಯಾಂಬ್ರೈಟ್ ಆ ಹೊತ್ತಿಗೆ ಬೆನ್ನು ತಿರುಗಿಸಿಕೊಂಡು, ಮಾಡಿನ ಗಾಜಿನಿಂದ ಇಳಿಯುತ್ತಿದ್ದ ಬೆಳಕಿನಲ್ಲಿ ಹಿತ್ತಾಳೆಯ ಒಂದು ಕವಾಟವನ್ನು ತಿಕ್ಕುತ್ತಿದ್ದ. ಒಹಾಯೊದಿಂದ, ಮಿಶಿಗನ್ನಿನಿಂದ ಜನ ತಮ್ಮ ಗಾಲಿಮನೆಗಳನ್ನು ಎಳೆದುಕೊಂಡು ಈ ಅಂಗಳಕ್ಕೆ ಬರುತ್ತಿದ್ದುದು ಈ ಮನುಷ್ಯನ ಕೈಗಲ್ಲ. ಕೊಳವೆ ಬೆಸೆಯುವ ಕೈಗಳು ಆ ಸೀಮೆಯಲ್ಲಿ ಬೇಕಾದಷ್ಟಿವೆ. ಅವರು ಬರುತ್ತಿದ್ದುದು ಅವನ ಮೂಗಿಗೆ.

ಗಾಲಿಮನೆಯ ಫ್ರಿಜ್ಜಿನ ಹಿಂದೆ ಉರಿ ತಾಗುವ ಕುದಿಗೊಳವೆಯೊಂದಿರುತ್ತದೆ. ಅದರ ಕಾವು ಆಚೆ ಹೋಗದಂತೆ ಸುತ್ತಲೂ ಏನಾದರೂ ಹೊದಿಸಬೇಕು, ಆ ಹೊದಿಕೆಯ ಮೇಲೆ ತಗಡಿನ ಡಬ್ಬಿ ಮುಚ್ಚಬೇಕು. ಏನು ಹೊದಿಸಿದೆ ಎನ್ನುವುದು ಆಮೇಲೆ ಯಾರಿಗೂ ಕಾಣುವುದಿಲ್ಲ. ಬಹಳ ಹಿಂದೆ ಒಬ್ಬರು ಸುಟ್ಟು ಅಸ್ಥಿಪಂಜರವಾಗಿದ್ದ ಗಾಲಿಮನೆಯನ್ನು ಲಾರಿಯ ಮೇಲೆ ಹೇರಿಕೊಂಡು ಬಂದು, ಇದರಲ್ಲಿ ಏನಾದರೂ ಉಳಿದಿದೆಯೇ ನೋಡಿ ಎಂದಿದ್ದರು. ಯಾರೋ ಆ ಡಬ್ಬಿಯೊಳಕ್ಕೆ ಕಿಟಕಿಯ ಸಂದಿಗೆ ತುಂಬುವ ಹಳದಿ ನೊರೆಯನ್ನು ತುಂಬಿದ್ದರು. ನಾಯಿ ಬೊಗಳದಿದ್ದರೆ ಗಂಡ ಹೆಂಡತಿ ಏಳುತ್ತಿರಲಿಲ್ಲ. ಅಂದಿನಿಂದ ಫ್ರೀಮನ್ ಕಲ್ಲನ್ನು ಕರಗಿಸಿ ನೂತ ಕಲ್ಲುಣ್ಣೆಯನ್ನಲ್ಲದೆ ಬೇರೇನನ್ನೂ ಕುದಿಗೊಳವೆಗೆ ಸುತ್ತುತ್ತಿರಲಿಲ್ಲ. ಅದನ್ನೂ ನಂಬುತ್ತಿರಲಿಲ್ಲ. ಪ್ರತಿ ಸುರುಳಿಯಿಂದ ಚಿಟಿಕೆಯಷ್ಟು ಕಿತ್ತು, ಬೆರಳಲ್ಲಿ ಹೊಸೆದು, ಉರಿಗೆ ಹಿಡಿದು, ತೆಗೆದು, ಎಡ ಹೊಳ್ಳೆಯಿಂದ ಒಮ್ಮೆ ಬಲ ಹೊಳ್ಳೆಯಿಂದ ಒಮ್ಮೆ ಎಳೆದು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಅಂಟು ಬೆರೆತಿದ್ದರೆ, ಚಿಂದಿಯ ನಾರು ಬೆರೆತಿದ್ದರೆ ಅವನಿಗೆ ತಿಳಿಯುತ್ತಿತ್ತು. ಮೋಸದ ವ್ಯಾಪಾರಿಗಳು ಉಪ್ಪು ನೀರಲ್ಲಿ ಅದ್ದಿ ಒಣಗಿಸಿ ಬೆರೆಸುವ ಚಿಂದಿ ಉರಿಗೆ ಹಿಡಿದರೂ ಹೊತ್ತುವುದಿಲ್ಲ. ಒಳಗೊಳಗೇ ತಿಂಗಳುಗಟ್ಟಲೆ ಕನಲಿ ಒಂದು ದಿನ ಮರಕ್ಕೆ ದಾಟುತ್ತದೆ. ಕಣ್ಣಿಗೆ ಎರಡೂ ಬೂದು ಬಣ್ಣದ ಉಣ್ಣೆಯೇ. ಮೂಗು ಒಪ್ಪಿದ ಮೇಲೆ ಫ್ರೀಮನ್, "ತೊಟ್ಟಿಲ ಪಕ್ಕ ಇಡಬೌದು" ಎನ್ನುತ್ತಿದ್ದ. ಆ ಮಾತಿಗೆ ಆಚೆ ಯಾವ ಮುದ್ರೆಯೂ ಬೇಕಿರಲಿಲ್ಲ.

ಕಾದ ಚೀಸು ಕೆಲಸ ಶುರುಮಾಡಿತು.

ಮೊದಲು ಎದ್ದವನು ಡ್ವೇನ್ ಪ್ಯಾಸ್ಕೊ. ಫ್ರಿಜ್ಜು ಅವನದು. ಮನೆ ಮಾರಿ, ಉಳಿದ ಬದುಕನ್ನೆಲ್ಲ ಗಾಲಿಮನೆಯಲ್ಲಿ ತುಂಬಿಕೊಂಡು ಹೆಂಡತಿ ರೂಬಿಯ ಜೊತೆ ದಕ್ಷಿಣಕ್ಕೆ ಹೊರಟಿದ್ದ ನಿವೃತ್ತ ಬಸ್ ಡ್ರೈವರ್. ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದವನು ಲೋಟದೊಳಗೆ ಒಮ್ಮೆ ಅನುಮಾನದಿಂದ ನೋಡಿ, ಅದನ್ನು ಕೆಳಗಿಟ್ಟು ಬಾಗಿಲ ಕಡೆ ನಡೆದ. ಆಮೇಲೆ ತಗಡು ಕತ್ತರಿಸುತ್ತಿದ್ದ ಆರ್ಫಾ, ಫ್ರೀಮನ್ನನ ಮಗಳು, ಪೆರ್ರಿಯ ಹೆಂಡತಿ, ಏಪ್ರನ್ನಿನ ಚುಂಗನ್ನು ಮೂಗಿಗೆ ಒತ್ತಿಕೊಂಡು ಗಂಡನ ಬೆನ್ನಿಗೊಂದು ಗುದ್ದು ಕೊಟ್ಟು ಓಡಿದಳು. ಕೊನೆಗೆ ಪೆರ್ರಿಯೂ ತನ್ನ ಕೃತಿಯನ್ನು ತಾನೇ ತಾಳಲಾರದೆ ಹೊರಬಿದ್ದ.

"ನಿಮಗೆ ಗಡ್ಡ ಬಂದ್ರೂ ಬುದ್ಧಿ ಬರ್ಲಿಲ್ಲ," ಎಂದಳು ಆರ್ಫಾ.

"ಬುದ್ಧಿ ಬಂದಿದ್ರೆ ನಿಮ್ಮಪ್ಪನ ಹತ್ರ ಕೆಲ್ಸಕ್ ಬರ್ತಿದ್ನಾ? ತಾಳು. ಈಗ ಬರ್ತಾರ್ ನೋಡು. ಟೋಪಿ ಒಂದ್ಕಡೆ, ಕಾಲ್ ಒಂದ್ಕಡೆ."

ಪೆರ್ರಿ ಹುಟ್ಟು ಅಣಕಿಗ. ಮೇವಿನಂಗಡಿಯವನ ಕೆಮ್ಮು, ಬಿಷಪ್ಪರ ಪ್ರಾರ್ಥನೆಯಲ್ಲಿ ಅರ್ಧಕ್ಕೆ ನುಸುಳುವ ಆಕಳಿಕೆ, ಗಾಡಿಗೆ ಕಟ್ಟಿಸಿಕೊಳ್ಳಲು ಒಲ್ಲದ ಕುದುರೆ, ಎಲ್ಲ ಅವನ ಗಂಟಲಲ್ಲಿ ವಾಸವಾಗಿದ್ದವು. ಈಗ ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿ ಬಿಷಪ್ಪರಾಗಿಬಿಟ್ಟ. "ಸೋದರ ಫ್ರೀಮನ್, ನಿಮ್ಮಲ್ಲಿ ಯಾರೋ ತೀರ್ಕೊಂಡ ವಾಸನೆ ಬಂತು. ಹೂಳೋದ್ ಬಿಟ್ಟು ಕರ್ಯೋದು ಯಾವ ಸಂಪ್ರದಾಯ?" ಡ್ವೇನನಿಗೆ ಆಮಿಶರು ತಮ್ಮತಮ್ಮಲ್ಲಿ ಆಡುವ ಈ ಡಚ್ ಮಾತು ಅರ್ಥವಾಗದಿದ್ದರೂ ನಗು ಬಂತು.

ಫ್ರೀಮನ್ ಮಾತ್ರ ಬರಲಿಲ್ಲ.

ಬಾಗಿಲಿನಿಂದ ಇಣುಕಿದರೆ ಅವನು ಹೊಗೆಕೊಳವೆಯ ಮೇಲೇ ಬಗ್ಗಿದ್ದ. ಗಡ್ಡ ಆ ತಗಡಿಗೆ ತಾಗುವಷ್ಟು ಹತ್ತಿರ. ಹಳೆಯ ಹಾಡೊಂದನ್ನು ಗುನುಗುತ್ತಾ ಉರಿಯನ್ನು ಚೂರು ಇಳಿಸಿದ, ಚೂರು ಏರಿಸಿದ, ಪಕ್ಕದಲ್ಲಿದ್ದ ಬಿಸ್ಕತ್ತನ್ನು ಕಾಫಿಗೆ ಅದ್ದಿ ತಿಂದ. ಬಹಳ ಹೊತ್ತಿನ ಮೇಲೆ ತಲೆಯೆತ್ತಿ ಯಾರೂ ಇಲ್ಲದ್ದನ್ನು ಕಂಡು ಹೊಸ್ತಿಲಿಗೆ ಬಂದ.

"ಏನ್ರೋ ಎಲ್ಲಾ ಹೊರಗೆ? ಕುದ್ರೆ ಬಿಚ್ಕೊಂಡು ಹೋಯ್ತಾ?"

"ಒಳಗೆ ಏನೋ ವಾಸ್ನೆ ಮಾವ," ಎಂದ ಪೆರ್ರಿ, ಮುಖವನ್ನು ಭಾನುವಾರದ ಪ್ರಾರ್ಥನೆಯ ಮುಖ ಮಾಡಿಕೊಂಡು.

ಫ್ರೀಮನ್ ಗಾಳಿಯನ್ನು ಒಮ್ಮೆ ಎಳೆದ. "ಹೂಂ, ಹೌದೌದು. ಗ್ಯಾಸು ಸೊಲ್ಪ ಜಾಸ್ತಿ ಆಗಿತ್ತು. ಇಳಿಸ್ದೆ."

ಪೆರ್ರಿ ಹೊಟ್ಟೆ ಹಿಡಿದುಕೊಂಡು ಬೇಲಿಗೆ ಒರಗಿದ. ಆರ್ಫಾಳೂ ನಗಲು ಹೋದವಳು ಅರ್ಧಕ್ಕೆ ನಿಂತಳು. ಅಪ್ಪನ ಮುಖದಲ್ಲಿ ತಿರುಗಿ ತಮಾಷೆ ಮಾಡುವವನ ನಟನೆ ಇರಲಿಲ್ಲ, ಉಪಾಯವಿರಲಿಲ್ಲ. ಪರೀಕ್ಷೆಯಲ್ಲಿ ಉತ್ತರ ಊಹಿಸಿ ಬರೆದವನ ಒಂದು ತೆಳ್ಳನೆಯ ಆತಂಕ ಮಾತ್ರ ಇತ್ತು. ಅವಳು ಉಸಿರು ಬಿಗಿಹಿಡಿದು ಒಳಗೆ ಹೋಗಿ, ಕೊಳವೆಗೆ ಅಂಟಿದ್ದನ್ನು ತಗಡಿನ ಚೂರಿನಿಂದ ಕೆರೆದು ತಂದು ಅಪ್ಪನ ಮುಖದ ಮುಂದೆ ಹಿಡಿದಳು.

"ಇದೇನಪ್ಪ?"

ಅವನು ನೋಡಿದ. ಮೂಸಲಿಲ್ಲ, ನೋಡಿದ. "ಮೇಣ ಅಲ್ವಾ? ಹಳದಿ ಮೇಣ."

ಪೆರ್ರಿಯ ನಗು ನಿಂತಿತು. ಅಂಗಳದಲ್ಲಿ ಕುದುರೆ ಲಗಾಮನ್ನು ಕಡಿಯುವುದು ಕೇಳುತ್ತಿತ್ತು.

"ಯಾವಾಗಿಂದ ಅಪ್ಪ?"

ಫ್ರೀಮನ್ ಟೋಪಿ ತೆಗೆದು ಅದರ ಒಳಗನ್ನು ನೋಡಿದ, ಉತ್ತರ ಅಲ್ಲೆಲ್ಲೋ ಇರುವವನಂತೆ. "ಈಸ್ಟರ್ ಟೈಮಲ್ಲಿ ಜ್ವರ ಬಂದಿತ್ತಲ್ಲ. ಅದ್ ಹೋಗ್ವಾಗ ಇದನ್ನೂ ಕರ್ಕೊಂಡ್ ಹೋಯ್ತು. ಬರುತ್ತೆ ಬರುತ್ತೆ ಅಂತ ಕಾದೆ."

"ಮತ್ತೆ ಬೇಸ್ಗೇಲಿ ಫ್ರಿಜ್ಜಿನ್ ಕೊಳ್ವೆಯಿಂದ ಅಮೋನಿಯಾ ಸೋರ್ದಾಗ ನೀವೇ ಅಲ್ವಾ ಮಾವ ಮೊದ್ಲು ಹೇಳಿದ್ದು?"

"ಅದು ವಾಸ್ನೆ ಅಲ್ಲಯ್ಯ, ಚುಚ್ಚೋದು. ಮೂಗ್ ಸತ್ತಿದ್ರೂ ಕಣ್ಣಲ್ಲಿ ನೀರು ಬರುತ್ತೆ."

"ಉಣ್ಣೆ?" ಎಂದಳು ಆರ್ಫಾ. ಅವಳಿಗೆ ಬೇಕಾಗಿದ್ದುದು ಅದೊಂದೇ.

"ಹಳೇ ಸುರುಳಿ ಜ್ವರಕ್ ಮುಂಚೇನೇ ನೋಡಿದ್ದು. ಮೊನ್ನೆವರ್ಗೂ ಎಲ್ಲಕ್ಕೂ ಅದನ್ನೇ ಸುತ್ತಿದ್ದು. ಅದರ್ ಬಗ್ಗೆ ಎದೆ ತಟ್ಟಿ ಹೇಳ್ತೀನಿ." ಅವನು ಒಳಗಿನ ಮೇಜಿನತ್ತ ನೋಡಿದ. "ಹೊಸಾದು ಒಂದಕ್ಕೇ ಸುತ್ತಿರೋದು."

ಆ ಒಂದು ಮೇಜಿನ ಮೇಲೆ ಉರಿಯುತ್ತಿತ್ತು. ಹಳೆಯ ವ್ಯಾಪಾರಿ ಅಂಗಡಿ ಮುಚ್ಚಿದ್ದ. ಬೇರೊಬ್ಬನಿಂದ ತರಿಸಿದ ಹೊಸ ಸುರುಳಿಯನ್ನು ನಿನ್ನೆ ಇವರೆಲ್ಲರ ಎದುರೇ ಫ್ರೀಮನ್ ಉರಿಗೆ ಹಿಡಿದಿದ್ದ, ಮೂಸಿದ್ದ, ತೊಟ್ಟಿಲ ಮಾತನ್ನೂ ಹೇಳಿದ್ದ. ರೂಬಿ ಮಲಗುವಾಗ ತಲೆ ಇಡುವುದು ಫ್ರಿಜ್ಜಿನ ಗೋಡೆಗೇ ಎಂದು ಡ್ವೇನ್ ಅವತ್ತು ಬೆಳಿಗ್ಗೆಯಷ್ಟೇ ಕಾಫಿ ಕುಡಿಯುತ್ತಾ ಹೇಳಿದ್ದ. ಬೆಚ್ಚಗಿರುತ್ತದಂತೆ.

ಬಾಗಿಲು ಕಿಟಕಿ ತೆರೆದು ಚೀಸಿನ ವಾಸನೆ ತೊಲಗಲು ಬಿಟ್ಟರು. ಫ್ರಿಜ್ಜಿನ ಉರಿ ಆರಿಸಿದರು. ಆಮೇಲೆ ಆರ್ಫಾ ಹೊಸ ಸುರುಳಿಯನ್ನು ಮೇಜಿನ ಮೇಲಿಟ್ಟು, ಬೆಸುಗೆಯ ಗ್ಯಾಸುದೀಪ ಹೊತ್ತಿಸಿ ಗಂಡನ ಕಡೆ ತಿರುಗಿದಳು.

"ನೀವ್ ಮಾಡಿ."

"ನಾನಾ? ನನಗೇನ್ ಗೊತ್ತು ಮೂಸೋಕೆ?"

"ಮಧ್ಯಾಹ್ನ ಊಟಕ್ ಕೂತಾಗ್ಲೆಲ್ಲ ಮಾಡಿ ತೋರುಸ್ತೀರಲ್ಲ. ಅದನ್ನೇ ಮಾಡಿ."

ಫ್ರೀಮನ್ ಇಬ್ಬರನ್ನೂ ನೋಡಿದ. "ಏನ್ ಮಾಡಿ ತೋರುಸ್ತಾನೆ?"

ಪೆರ್ರಿಯ ಕಿವಿ ಕೆಂಪಾಯಿತು. ಬಿಷಪ್ಪರನ್ನು ಬಿಷಪ್ಪರ ಹಿಂದೆ, ಮಾವನನ್ನು ಮಾವನ ಹಿಂದೆ ಅಣಕಿಸುವುದು ಒಂದು ಕಲೆ. ಎದುರಿಗೇ ಮಾಡುವುದು ಬೇರೆಯದೇ.

"ಮಾಡಪ್ಪ ಅಳಿಯ," ಎಂದ ಫ್ರೀಮನ್. "ಅಳಿಯ ಮನೆ ತೊಳಿಯ ಅಂತಾರೆ. ಉಣ್ಣೆನಾದ್ರೂ ಮೂಸ್ಲಿ."

ಪೆರ್ರಿ ಚಿಟಿಕೆ ಉಣ್ಣೆ ಕಿತ್ತ. ಕೈಯಲ್ಲೇ ಹಿಡಿದುಕೊಂಡು ನಿಂತ. "ಯಾವ್ದು ಮಾಡ್ಲಿ?"

"ಯಾವ್ದು ಅಂದ್ರೆ?"

"ಹಳೇ ಮಾವನ್ ಮಾಡ್ಲಾ, ಹೊಸಾ ಮಾವನ್ ಮಾಡ್ಲಾ?" ತಾನು ಕೇಳಿದ್ದರ ಅರ್ಥ ಅವನಿಗೇ ಆಗತಾನೇ ಹೊಳೆಯುತ್ತಿತ್ತು, ಮಾತು ನಿಧಾನವಾಯಿತು. "ಮೊದ್ಲು ನೀವು ಕಣ್ಮುಚ್ಕೊಂಡು ನಿಂತ್ರೆ ಮೂರು ಉಸಿರು ಆಗ್ತಿತ್ತು. ಈಚೆಗೆ ಎರಡ್ನೇದಕ್ಕೇ ಕಣ್ ಬಿಟ್ಟು ನಮ್ ಮುಖ ನೋಡ್ತೀರ. ನಾನು ಅದನ್ನೂ ಸೇರಿಸ್ಕೊಂಡು ಮಾಡ್ತಿದ್ದೆ. ಎಲ್ರೂ ನಗ್ತಿದ್ರು. ಯಾಕೆ ಅಂತ ಯೋಚ್ನೆ ಮಾಡ್ಲಿಲ್ಲ."

ಫ್ರೀಮನ್ ಉರಿಯನ್ನು ಅವನ ಕಡೆಗೆ ಸರಿಸಿದ. "ಹಳೇ ಮಾವನ್ ಮಾಡು," ಎಂದ.

ಪೆರ್ರಿ ಭುಜ ಇಳಿಸಿದ, ಕತ್ತನ್ನು ಒಂದು ಕಡೆಗೆ ವಾಲಿಸಿದ, ಪ್ಯಾಂಟಿನ ಹೆಗಲಪಟ್ಟಿಯನ್ನು ಹೆಬ್ಬೆರಳಿನಿಂದ ಎಳೆದು ಬಿಟ್ಟ. ಮೂವತ್ತು ದಾಟದ ಗಂಡಸು ಅರವತ್ತರ ಮಂಡಿಗಳ ಮೇಲೆ ನಿಂತ. ಉಣ್ಣೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದ, ಉರಿಯ ನೀಲಿಯ ತುದಿಗೆ ಹಿಡಿದ, ಹಳದಿಗಲ್ಲ. ಅದು ಹೊತ್ತಲಿಲ್ಲ, ಕರಗಲಿಲ್ಲ. ತೆಗೆದ. ಎಡ ಹೊಳ್ಳೆ. ಬಲ ಹೊಳ್ಳೆ. ಕಣ್ಣು ಮುಚ್ಚಿದ. ಇಷ್ಟು ಸಲ ಮಾಡಿ ನಗಿಸಿದ್ದ, ಆದರೆ ಆಗೆಲ್ಲ ಕೈಯಲ್ಲಿ ಇದ್ದುದು ಬ್ರೆಡ್ಡಿನ ಚೂರು. ಈಗ ಎರಡನೆಯ ಉಸಿರಿಗೆ ಏನೂ ಇರಲಿಲ್ಲ. ಮೂರನೆಯದರ ಕೊನೆಯಲ್ಲಿ ಅವನ ಹುಬ್ಬು ಗಂಟಿಕ್ಕಿತು. ಆ ಗಂಟು ಮಾವನದಲ್ಲ, ಅವನದೇ.

"ಏನೋ ಇದೆ," ಎಂದ ತನ್ನ ಸ್ವಂತ ದನಿಯಲ್ಲಿ. "ಆರ್ಫಾ, ನೋಡು. ಶನಿವಾರ ನೀನು ಇಸ್ತ್ರಿ ಮಾಡ್ವಾಗ..."

ಆರ್ಫಾ ಮೂಸಿದಳು. "ಅಂಗಿ ತೋಳು ಸೀದಂಗೆ."

ಡಬ್ಬಿಯನ್ನು ಬಿಚ್ಚಿದರು. ಕುದಿಗೊಳವೆಗೆ ಒತ್ತಿಕೊಂಡಿದ್ದ ಕಡೆ ಹೊಸ ಉಣ್ಣೆ ರೊಟ್ಟಿಯ ಅಂಚಿನಂತೆ ಕಂದಿತ್ತು. ಬೆರಳಿಟ್ಟರೆ ಕಲ್ಲಿನ ಎಳೆ ಹಾಗೇ ಉಳಿದು, ನಡುವಿನ ಚಿಂದಿ ಪುಡಿಯಾಗಿ ಉದುರಿತು. ಬೆಳಗಿನಿಂದ ಮಧ್ಯಾಹ್ನದವರೆಗೆ ಉರಿದದ್ದಕ್ಕೆ ಇಷ್ಟು. ಅದು ಚಳಿಗಾಲವಿಡೀ ಉರಿಯಬೇಕಾಗಿದ್ದದ್ದು. ಫ್ರೀಮನ್ ಆ ಕಂದುಪುಡಿಯನ್ನು ಬೆರಳಿನಿಂದ ಬೆರಳಿಗೆ ದಾಟಿಸುತ್ತಾ ನಿಂತಿದ್ದ.

"ಬೇರೆ ಸುತ್ತಿದ್ರಾಯ್ತು ಮಾವ," ಎಂದ ಪೆರ್ರಿ ದನಿ ತಗ್ಗಿಸಿ. "ಉರಿ ಸರಿ ಮಾಡ್ತಿದ್ವಿ ಅಂತ ಹೇಳಣ. ಅವ್ನಿಗೆ ನಮ್ ಮಾತೂ ಬರಲ್ಲ."

"ಅವ್ನು ಅಷ್ಟ್ ದೂರದಿಂದ ಬಂದಿದ್ದು ಫ್ರಿಜ್ಜಿಗಲ್ಲ ಕಣಯ್ಯ, ಮೂಗಿಗೆ. ಮೂಗಿಲ್ಲ ಅಂತ ಹೇಳ್ಬೇಕು."

"ಒಬ್ರಿಗೆ ಹೇಳಿದ್ರೆ ಊರಿಗೆಲ್ಲ ಹೇಳ್ದಂಗೆ. ಆಮೇಲೆ ಯಾರ್ ಬರ್ತಾರೆ?"

"ಅರ್ಧ ವರ್ಷದಿಂದ ಅದೇ ಯೋಚ್ನೆ ಮಾಡಿದ್ದಕ್ಕೆ ಇಲ್ಲಿಗ್ ಬಂದಿರೋದು," ಎಂದು ಫ್ರೀಮನ್ ಟೋಪಿ ಹಾಕಿಕೊಂಡು ಅಂಗಳಕ್ಕೆ ಹೋದ.

ಡ್ವೇನ್ ಗಾಲಿಮನೆಯ ಮೆಟ್ಟಿಲ ಮೇಲೆ ಕೂತು ಸೇಬು ಹೆಚ್ಚುತ್ತಿದ್ದ. ಫ್ರೀಮನ್ ನಿಂತುಕೊಂಡೇ, ಒಂದೊಂದು ಮಾತನ್ನೂ ಮೊಳೆ ಹೊಡೆದಂತೆ ಇಂಗ್ಲಿಷಿನಲ್ಲಿ ಹೇಳಿದ: ತನಗೆ ಈಸ್ಟರಿನಿಂದ ವಾಸನೆ ತಿಳಿಯುವುದಿಲ್ಲ, ನಿನ್ನೆ ಮೂಸಿದ್ದು ಬರಿಯ ಆಟ, ಸುತ್ತಿದ್ದು ಕೆಟ್ಟ ಉಣ್ಣೆ, ಅದನ್ನು ಕಿತ್ತಾಗಿದೆ. ಕಂದುಪುಡಿಯನ್ನು ಅಂಗೈಯಲ್ಲಿಟ್ಟು ತೋರಿಸಿದ. ಬೇರೆ ಅಂಗಡಿಗೆ ಹೋಗುವುದಾದರೆ ಫ್ರಿಜ್ಜನ್ನು ಗಾಡಿಗೆ ಏರಿಸಿಕೊಡುವುದಾಗಿ ಹೇಳಿದ.

ಡ್ವೇನ್ ಆ ಪುಡಿಯನ್ನು ನೋಡಿ ಗಾಲಿಮನೆಯ ಒಳಕ್ಕೆ ನೋಡಿದ. ರೂಬಿ ಒಳಗೆ ಹಾಸಿಗೆಯ ಹೊದಿಕೆ ಮಡಿಸುತ್ತಿದ್ದಳು.

"ಹೇಗ್ ಗೊತ್ತಾಯ್ತು ನಿಮಗೆ?"

"ನನ್ನ ಅಳಿಯ ಫ್ರಿಜ್ಜಿಗೆ ಚೀಸ್ ಬಳಿದ. ನೀವೆಲ್ಲ ಓಡಿದ್ರಿ. ನಾನು ಓಡ್ಲಿಲ್ಲ."

ಡ್ವೇನ್ ಸೇಬಿನ ಹೋಳನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. "ನಾನು ಬಸ್ ಓಡಿಸ್ತಿದ್ದೆ ಫ್ರೀಮನ್. ಬ್ರೇಕ್ ಸರಿಯಿಲ್ಲ ಅಂತ ತಾನಾಗೇ ಬಂದು ಹೇಳಿದ ಮೆಕ್ಯಾನಿಕ್‌ನ ಬಿಟ್ಟು ಇನ್ನೊಬ್ಬನ ಹತ್ರ ಹೋಗಬಾರದು ಅಂತ ನಮ್ಮಲ್ಲಿ ಒಂದು ಮಾತಿತ್ತು." ಚಾಕುವನ್ನು ಒರೆಸಿಕೊಂಡ. "ಸರಿ, ಈಗ ಏನು ಸುತ್ತೋಣ? ನೀವು ನಿನ್ನೆ ಬೈತಿದ್ರಲ್ಲ, ಆ ಹಳದಿ ನೊರೆ ಡಬ್ಬಿ ನನ್ನ ಹತ್ರ ಒಂದಿದೆ. ಬೇಕಾ?"

ಫ್ರೀಮನ್ ಅವನನ್ನು ನೋಡಿದ ನೋಟಕ್ಕೆ ಡ್ವೇನ್ ಎರಡೂ ಕೈ ಎತ್ತಿದ. "ತಮಾಷೆಗೆ ಹೇಳಿದೆ."

"ಅದು ತಣ್ಣಗಿರೋ ಕಡೆ ಹಾಕೋಕೆ. ಫ್ರಿಜ್ಜಿನ ತಂಪು ಪೆಟ್ಟಿಗೆ ಸಂದಿಗೆ ಬೇಕಾದ್ರೆ ನಾನೇ ಹಾಕ್ಕೊಡ್ತೀನಿ. ಉರಿ ಹತ್ರ ತಂದ್ರೆ ಮಾತ್ರ ನನ್ ಕಣ್ಣಿಗ್ ಬೀಳ್ಬೇಡಿ."

ಹಳೆಯ ಸುರುಳಿ ಮುಗಿದಿತ್ತು. ಗೋಡೆಗೆ ತುಂಬುವ ಗುಲಾಬಿ ಗಾಜುಹತ್ತಿಯ ಒಂದು ತುಂಡು ಅಟ್ಟದ ಮೇಲಿತ್ತು. ಅದರ ಬೆನ್ನಿಗೆ ಕಾಗದ, ಮೈಯೆಲ್ಲ ಅಂಟು, ಬೇಡವೆಂದರು. ಕುರಿಯ ಉಣ್ಣೆ ಬೇಗ ಹೊತ್ತುವುದಿಲ್ಲವಲ್ಲ ಎಂದು ಪೆರ್ರಿ ಅಂದಾಗ ಆರ್ಫಾ, "ಚೀಸಿನ್ ಜೊತೆ ಕುರಿ ಸುಟ್ಟ ವಾಸ್ನೆನೂ ಬೇಕಾ ನಿಮಗೆ?" ಎಂದು ಬಾಯಿ ಮುಚ್ಚಿಸಿದಳು. ಕೊನೆಗೆ ಅವಳಿಗೇ ನೆನಪಾಯಿತು: ರಸ್ತೆಯಾಚೆ ಲಾಳ ಬಡಿಯುವ ಆರ್ವ ಶ್ರಾಕ್ ತನ್ನ ಕುಲುಮೆಯ ಒಳಗೋಡೆಗೆ ಹೊಸದಾಗಿ ಪಿಂಗಾಣಿಯ ಎಳೆಯ ಹಾಸು ಹಾಕಿಸಿದ್ದ, ತುಂಡುಗಳು ಉಳಿದಿದ್ದವು. ಕಬ್ಬಿಣ ಬೆಳ್ಳಗಾಗುವ ಕಾವನ್ನು ತಡೆಯುವುದು ಗ್ಯಾಸಿನ ಚಿಕ್ಕ ಉರಿಯನ್ನು ತಡೆಯದೇ? ಪೆರ್ರಿ ಸೈಕಲ್ಲಿನಲ್ಲಿ ಹೋಗಿ ಹಾಲಿನಷ್ಟು ಬಿಳಿಯ ಸುರುಳಿಯೊಂದನ್ನು ಬೆನ್ನಿಗೆ ಕಟ್ಟಿಕೊಂಡು ಬಂದ. ಅದರ ಎಳೆ ಎದೆಯೊಳಗೆ ಹೋಗಬಾರದೆಂದು ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕತ್ತರಿಸಿದರು.

ಸುತ್ತುವ ಮೊದಲು ಫ್ರೀಮನ್ ಡ್ವೇನನನ್ನು ಒಳಗೆ ಕರೆದ. "ಕುಲುಮೆಯವ್ನು ಹೇಳಿದ ಅಂತ ಸುತ್ತಲ್ಲ. ನಿಮ್ಮೆದ್ರೇ ಮೂಸ್ತಾನೆ, ನೋಡಿ."

"ಚೀಸ್ ಬಳಿದವನಾ?"

"ಅವ್ನೇ."

ಪೆರ್ರಿ ಬಟ್ಟೆ ಬಿಚ್ಚಿ, ಗಿರಾಕಿಯ ಎದುರು ತನ್ನಂತೆ ತಾನೇ ಮೂಸಲು ನೋಡಿದ. ಆಗಲಿಲ್ಲ. ನೆಟ್ಟಗೆ ನಿಂತರೆ ಮೂಗು ಏನನ್ನೂ ಹೇಳುತ್ತಿರಲಿಲ್ಲ. ಅವನಿಗೆ ಗೊತ್ತಿದ್ದುದು ಒಂದೇ ದಾರಿ. ಆರ್ಫಾಳನ್ನು ಒಮ್ಮೆ ನೋಡಿ, ಭುಜ ಇಳಿಸಿ, ಕತ್ತು ವಾಲಿಸಿ, ಪಟ್ಟಿ ಎಳೆದು ಬಿಟ್ಟ. ಬಿಳಿಯ ಚಿಟಿಕೆ ನೀಲಿ ಉರಿಯಲ್ಲಿ ಕೆಂಡದಂತೆ ಕೆಂಪಾಯಿತು; ಹೊರಕ್ಕೆ ತೆಗೆದು ಆರಿಸಿದಾಗ ಮತ್ತೆ ಬಿಳಿಯಾಯಿತು. ಎಡ ಹೊಳ್ಳೆ. ಬಲ ಹೊಳ್ಳೆ. ಕಣ್ಣು ಮುಚ್ಚಿ, ತುಟಿಗಳನ್ನು ಪ್ರಾರ್ಥನೆಗೆಂಬಂತೆ ಆಡಿಸುತ್ತಾ ಮೂರು ಉಸಿರು. ಪಕ್ಕದಲ್ಲೇ ನಿಂತಿದ್ದ ಫ್ರೀಮನ್ ಆ ತುಟಿಗಳನ್ನೇ ನೋಡುತ್ತಿದ್ದ. ತನ್ನ ತುಟಿ ಆಡುತ್ತದೆಂದು ಅವನಿಗೆ ಈವರೆಗೆ ಯಾರೂ ಹೇಳಿರಲಿಲ್ಲ.

"ಏನಿಲ್ಲ," ಎಂದ ಪೆರ್ರಿ. "ಏನಂದ್ರೆ ಏನೂ ಇಲ್ಲ."

ಡ್ವೇನ್ ಗಂಭೀರವಾಗಿ ತಲೆಯಾಡಿಸಿದ. ಇದೆಲ್ಲ ಈ ಕಸುಬಿನ ವಿಧಿಯೇ ಇರಬೇಕೆಂದುಕೊಂಡು, ತಾನೂ ಮುಂದೆ ಬಂದು, ಆ ಚಿಟಿಕೆಯನ್ನು ತೆಗೆದುಕೊಂಡು, ಬಸ್ ಡ್ರೈವರಿನ ಅಗಲವಾದ ಭುಜಗಳನ್ನು ಇಳಿಸಿ, ಕತ್ತು ವಾಲಿಸಿ, ಇಲ್ಲದ ಪಟ್ಟಿಯನ್ನು ಎದೆಯ ಮೇಲೆ ಎಳೆದು ಬಿಟ್ಟು, ಎಡಗಡೆಯಿಂದ ಒಮ್ಮೆ ಬಲಗಡೆಯಿಂದ ಒಮ್ಮೆ ಮೂಸಿ, ಕಣ್ಣು ಮುಚ್ಚಿ ತುಟಿ ಆಡಿಸಿದ.

ಆರ್ಫಾ ತಗಡಿನ ಹಿಂದೆ ಮುಖ ಮುಚ್ಚಿಕೊಂಡಳು. ಪೆರ್ರಿ ಕೆನ್ನೆ ಕಚ್ಚಿ ಸೂರಿನ ಕಡೆ ನೋಡಿದ.

"ನನಗೂ ಏನೂ ಬರ್ತಿಲ್ಲ," ಎಂದ ಡ್ವೇನ್, ಸ್ವಲ್ಪ ನಿರಾಸೆಯಿಂದ.

ಮೊದಲು ಫ್ರೀಮನ್ನನ ಗಡ್ಡ ಅದುರಿತು. ಆಮೇಲೆ ಹೊಟ್ಟೆ. ಆಮೇಲೆ ಅವನು ಮೇಜಿನ ಅಂಚನ್ನು ಎರಡೂ ಕೈಗಳಿಂದ ಹಿಡಿದುಕೊಂಡ; ಎಲ್ಲರ ನಗುವನ್ನೂ ಮುಳುಗಿಸಿ ಅವನ ನಗು ಎದ್ದಾಗ ಟೋಪಿ ಉರುಳಿ ನೆಲಕ್ಕೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ನಗುತ್ತಾ ನಗುತ್ತಾ ಕುದಿಗೊಳವೆಯನ್ನು ಎದೆಗೆ ಆನಿಸಿ ಹಿಡಿದ, ಪೆರ್ರಿ ಬಿಳಿಯ ಹಾಸನ್ನು ಅದರ ಸುತ್ತ ಒಂದು ಸುತ್ತು ತಂದ, ಆರ್ಫಾ ತಂತಿ ಬಿಗಿದಳು. ಹೊರಗೆ ಕುದುರೆ ತಲೆಯೆತ್ತಿ ತೆರೆದ ಬಾಗಿಲಿನ ಕಡೆಗೆ ಕಿವಿ ನಿಮಿರಿಸಿ ನಿಂತಿತ್ತು.